ಸುಬ್ರಾಯರ ಅರ್ಧ ಇಂಚು

ವೆಸ್ಟ್ ಮಾಂಬಲಂ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಸುಬ್ರಾಯರ ಹೋಟೆಲು. ಇಡ್ಲಿ ಬೇಯಿಸುವ ಪೆಟ್ಟಿಗೆಯಲ್ಲಿ ಹಬೆ ಸೋರಿದರೆ ಸಂದಿಗೆ ಮೈದಾ ಹಿಟ್ಟು ಮೆತ್ತಬೇಕೆಂಬುದು ತಂದೆ ಕಲಿಸಿದ ವಿದ್ಯೆ. ಒಲೆಗೆ ಬರುವ ತಾಮ್ರದ ಗ್ಯಾಸ್ ಪೈಪಿಗೆ ತಾವೇ ಹಾಕಿದ ಹೊಸ ಫಿಟ್ಟಿಂಗ್ ಸೋರಿದಾಗಲೂ ಅವರು ಅದನ್ನೇ ಮಾಡಿದರು. ವಿದ್ಯೆಯಲ್ಲಿ ಭೇದ ಮಾಡುವವರಲ್ಲ ಅವರು.

ಮಧ್ಯಾಹ್ನ ಎರಡು ಗಂಟೆ. ಸಂಜೆ ಒಂದು ಸೀಮಂತಕ್ಕೆ ಮುನ್ನೂರು ಇಡ್ಲಿ ಹೋಗಬೇಕು. ಹೆಂಡತಿ ರತ್ನಾವತಿ ಮಾತ್ರ ಸಿಲಿಂಡರಿನ ವಾಲ್ವ್ ಮುಚ್ಚಿ, ಕಿಟಕಿ ಬಾಗಿಲು ತೆರೆದು, ಒಲೆಗೆ ಅಡ್ಡ ನಿಂತಿದ್ದರು.

“ವಾಸನೆ ಬಂದದ್ದು ನಿಜ. ಒಲೆ ಹಚ್ಚಲಿಕ್ಕೆ ನಾನು ಬಿಡುವುದಿಲ್ಲ.”

“ಎಂತ ಮಾರಾಯ್ತಿ, ಮುನ್ನೂರು ಇಡ್ಲಿ ಬಿಸಿಲಲ್ಲಿ ಬೇಯ್ತದಾ?”

“ಚೆನ್ನೈ ಬಿಸಿಲಲ್ವಾ, ಬೆಂದರೂ ಬೆಂದೀತು. ವೀಕ್ಷಾಳಿಗೆ ಫೋನ್ ಮಾಡಿದ್ದೇನೆ.”

ವೀಕ್ಷಾ ಸುಬ್ರಾಯರ ತಮ್ಮನ ಮಗಳು. ಮಣಲಿಯಲ್ಲಿ ಗ್ಯಾಸ್ ಪೈಪು ಜೋಡಿಸುವ ತರಬೇತಿ ಪಡೆದ ಫಿಟ್ಟರ್. ಬಂದವಳೇ ಹಿಟ್ಟು ಕೆರೆದಳು.

“ಅಯ್ಯೋ ದೊಡ್ಡಪ್ಪ! ಈ ಫಿಟ್ಟಿಂಗ್ ಯಾವ ಸೈಜು?”

“ಅರ್ಧ ಇಂಚು. ನಲವತ್ತು ವರ್ಷದ ಕಣ್ಣಳತೆ.”

ವೀಕ್ಷಾ ಚೀಲದಿಂದ ವರ್ನಿಯರ್ ತೆಗೆದು ಪೈಪಿನ ಹೊರಮೈಗೆ ಕಚ್ಚಿಸಿ ಅಳೆದಳು. ಹನ್ನೆರಡು ಮಿಲಿಮೀಟರ್.

“ಅರ್ಧ ಇಂಚಂದ್ರೆ ಹನ್ನೆರಡೂ ಮುಕ್ಕಾಲಿನ ಹತ್ರ. ಈ ಪೈಪಿಗೆ ನಿಮ್ಮ ಫಿಟ್ಟಿಂಗ್ ಸಡಿಲ.”

“ಕೂದಲೆಳೆಗೆ ಇಷ್ಟು ರಗಳೆಯಾ? ಇನ್ನೊಂದು ಸುತ್ತು ಟೈಟ್ ಮಾಡು.”

“ಒಳಗೊಂದು ಹಿತ್ತಾಳೆ ಉಂಗುರ ಉಂಟಲ್ಲ, ಅದು ಪೈಪನ್ನು ಸುತ್ತಲೂ ಒಂದೇ ಸಮ ಅಪ್ಪಿ ಹಿಡಿದರೆ ಮಾತ್ರ ಗ್ಯಾಸ್ ನಿಲ್ಲುವುದು. ಸಡಿಲ ಉಂಗುರವನ್ನು ಬಿಗಿದಷ್ಟೂ ಓರೆಯಾಗ್ತದೆ. ಮೇಲಿಂದ ಟೇಪ್ ಸುತ್ತಿದರೂ ಅಷ್ಟೇ, ಹಿಟ್ಟು ಮೆತ್ತಿದರೂ ಅಷ್ಟೇ. ಪುರಿಯುದಾ, ಅರ್ಥ ಆಯ್ತಾ?” ಸಿಟ್ಟು ಬಂದರೆ ಅವಳಿಗೆ ತಮಿಳೇ ಬಾಯಿಗೆ ಬರುತ್ತಿತ್ತು.

“ನಿಮ್ಮ ಉಂಗುರ ನನ್ನ ಬೆರಳಲ್ಲಿ ನಿಲ್ತದಾ ಹೇಳಿ!” ಎಂದರು ರತ್ನಾವತಿ.

ಸುಬ್ರಾಯರು ಒಲೆಯ ಬಳಿಯಿಂದ ಪಕ್ಕಕ್ಕೆ ಸರಿದರು.

ವೀಕ್ಷಾ ಅಂಗಡಿಯಿಂದ ಹನ್ನೆರಡು ಮಿಲಿಮೀಟರಿನ ಗ್ಯಾಸ್ ಫಿಟ್ಟಿಂಗ್ ತಂದಳು. ನಟ್ಟು, ಉಂಗುರ, ಬಾಡಿ ಎಲ್ಲವೂ ಒಂದೇ ಕಂಪನಿಯದು. ಪೈಪಿನ ನಜ್ಜುಗುಜ್ಜಾದ ತುದಿಯನ್ನು ನೇರವಾಗಿ ಕತ್ತರಿಸಿ ಅಂಚು ನಯಮಾಡಿದಳು. ಮೊದಲು ನಟ್ಟು, ಆಮೇಲೆ ಉಂಗುರ ತೂರಿಸಿ, ಪೈಪನ್ನು ಬಾಡಿಯ ತಳ ಮುಟ್ಟುವವರೆಗೆ ಒತ್ತಿ, ನಟ್ಟನ್ನು ಕೈಯಿಂದ ಬಿಗಿದು, ಕಂಪನಿ ಹೇಳಿದಷ್ಟೇ ಸುತ್ತು ಸ್ಪ್ಯಾನರ್ ತಿರುಗಿಸಿದಳು. ವಾಲ್ವ್ ತೆರೆದು ಫಿಟ್ಟಿಂಗಿನ ಸುತ್ತ ಸೋಪಿನ ನೀರು ಸವರಿದಳು. ಒಂದು ಗುಳ್ಳೆಯೂ ಏಳಲಿಲ್ಲ.

“ಇನ್ನು ಹಚ್ಚಿ,” ಎಂದರು ರತ್ನಾವತಿ. ಗಂಟೆ ಮೂರೂವರೆ.

ಲೈಟರ್ ಎತ್ತಿದ ಸುಬ್ರಾಯರು ಹಾಗೆಯೇ ಕೆಳಗಿಟ್ಟರು.

“ವಾಲ್ವ್ ಮುಚ್ಚು ಮಗಾ. ಗೋಡೆಯಾಚೆ ಕಾಫಿ ಒಲೆಯ ಪೈಪೂ ನಾನೇ ಜೋಡಿಸಿದ್ದು. ಅದನ್ನೂ ಅಳೆದುಬಿಡು. ಸೀಮಂತದವರಿಗೆ ತಡ ಆಗ್ತದೆ ಅಂತ ನಾನೇ ಹೇಳ್ತೇನೆ.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಡುಗೆಮನೆಯ ತಾಮ್ರದ ಪೈಪಿನ ಹೊರ ಅಳತೆಯನ್ನು ಇವತ್ತೇ ಅಳೆಸಿ. ಮಿಲಿಮೀಟರ್ ಪೈಪಿಗೆ ಮಿಲಿಮೀಟರಿನದೇ, ಇಂಚಿನ ಪೈಪಿಗೆ ಇಂಚಿನದೇ ಫಿಟ್ಟಿಂಗ್ ಇರಲಿ. ಜೋಡಿಸುವ ಕೆಲಸ ಗ್ಯಾಸ್ ತರಬೇತಿ ಪಡೆದವರದ್ದು, ನಮ್ಮದಲ್ಲ. ವಾಸನೆ ಬಂದರೆ ವಾಲ್ವ್ ಮುಚ್ಚಿ, ಸ್ವಿಚ್ಚು ಮುಟ್ಟದೆ ಹೊರಗೆ ಬಂದು ಫೋನ್ ಮಾಡಿ. ಹಸಿದವರು ಅರ್ಧ ಗಂಟೆ ಕಾಯುತ್ತಾರೆ. ಸೋರಿದ ಗ್ಯಾಸು ಕಾಯುವುದಿಲ್ಲ.