ಪ್ಲೂಟೊ ಎಂಬ ಮರದ ಗುಂಡಿನ ಸಿಟ್ಟು

ನಾನು ಒಂದು ಮರದ ಗುಂಡು. ಬೋರೆಹಣ್ಣಿನಷ್ಟು ದಪ್ಪ, ಅಷ್ಟೆ. ಆದರೆ ಸಿಟ್ಟು ಗಾತ್ರ ನೋಡಿ ಬರುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಚನ್ನಪಟ್ಟಣದಲ್ಲಿ. ಯಾವುದೋ ಶಾಲೆಗೆಂದು ಸೌರಮಂಡಲದ ಗುಂಡುಗಳನ್ನು ಮಾಡುತ್ತಿದ್ದರು. ಹಾಲೆಮರದ ತುಂಡಿನಲ್ಲಿ ಗುರುವನ್ನೂ ಶನಿಯನ್ನೂ ಕಡೆದು ಮುಗಿಸಿ, ಉಳಿದ ತುದಿಯಲ್ಲಿ ನನ್ನನ್ನು ತೆಗೆದರು. ನಾನು ಕಡೆಯುವ ಯಂತ್ರದಲ್ಲಿ ಗಿರ್ರನೆ ತಿರುಗುತ್ತಿರುವಾಗ ನವಾಜ್ ಎಂಬಾತ ಕಂದು ಅರಗಿನ ಕಡ್ಡಿಯನ್ನು ಮೈಗೆ ಒತ್ತಿದ. ಅರಗು ಕರಗಿ ಅಂಟಿಕೊಂಡಿತು.

"ಗೋಲಿ ಮಾಡ್ತಿದ್ದೀಯೇನೋ?" ಎಂದು ಪಕ್ಕದವನು ಕೇಳಿದ.

"ಗೋಲಿ ಅಲ್ಲ ಕಣಪ್ಪ, ಇದೂ ಗ್ರಹಾನೇ. ಒಂಬತ್ನೇದು," ಎಂದ ನವಾಜ್. ಆ ಮರ್ಯಾದೆಯ ಮಾತನ್ನು ನಾನಿನ್ನೂ ಮರೆತಿಲ್ಲ.

ಅಲ್ಲಿಂದ ನಾವು ಒಂಬತ್ತೂ ಜನ ಗದಗದ ಕಡೆಯ ಒಂದು ಹಳ್ಳಿ ಶಾಲೆಗೆ ಬಂದೆವು. ವಿಜ್ಞಾನ ಕಲಿಸುತ್ತಿದ್ದವರು ಗುರುಪಾದಪ್ಪ ಮಾಸ್ತರು. ಅವರು ಅಲ್ಲೊಂದು ಪದ್ಧತಿ ಮಾಡಿಕೊಂಡಿದ್ದರು. ವರ್ಷಕ್ಕೊಮ್ಮೆ ಪಾಲಕರು ಬರುವ ದಿನ ಅಂಗಳದ ನಡುವೆ ಹಳದಿ ಬಳಿದ ಕೊಡ ಇಡುವುದು, ಅದು ಸೂರ್ಯ. ಸುತ್ತ ಸುಣ್ಣದ ಪುಡಿಯಲ್ಲಿ ಒಂಬತ್ತು ವೃತ್ತ. ಒಂದೊಂದು ವೃತ್ತದಲ್ಲಿ ಒಂದೊಂದು ಮಗು, ಅಂಗೈಯಲ್ಲಿ ಒಂದೊಂದು ಗ್ರಹ. ಮೊದಲು ತಮ್ಮ ತಮ್ಮ ಮಾತು ಹೇಳಬೇಕು, ಆಮೇಲೆ ಗಂಟೆ ಬಾರಿಸಿದಂತೆ ನಡೆಯಬೇಕು. ಬುಧನನ್ನು ಹಿಡಿದ ಮಗು ಓಡಿ ಓಡಿ ಏದುಸಿರು ಬಿಡುತ್ತಿತ್ತು. ಪ್ಲೂಟೊ ಸೂರ್ಯನನ್ನು ಒಮ್ಮೆ ಸುತ್ತಲು ಸುಮಾರು ಇನ್ನೂರ ನಲವತ್ತೆಂಟು ವರ್ಷ ಬೇಕಲ್ಲ, ಹಾಗಾಗಿ ನನ್ನನ್ನು ಹಿಡಿದವರಿಗೆ ಇಡೀ ಆಟಕ್ಕೆ ಒಂದೇ ಹೆಜ್ಜೆ.

ಆ ಒಂದು ಹೆಜ್ಜೆಗಾಗಿಯೇ ಫಕ್ಕೀರವ್ವ ಎಂಬ ಹುಡುಗಿ ನನಗೆ ಸಿಕ್ಕಳು. ಪೋಲಿಯೋ ಬಂದು ಅವಳ ಎಡಗಾಲು ಸೊರಗಿತ್ತು. ಮೊಣಕಾಲಿನ ಮೇಲೆ ಕೈ ಊರಿಕೊಂಡು ನಡೆಯುತ್ತಿದ್ದಳು. ಖೊಖೊ ಇರಲಿ, ಕವಾಯತು ಇರಲಿ, ಅವಳಿಗೆ ಸಿಗುತ್ತಿದ್ದುದು ಎಲ್ಲರ ಚಪ್ಪಲಿ ಕಾಯುವ ಕೆಲಸ.

"ಫಕ್ಕೀರವ್ವಾ, ನೀ ಪ್ಲೂಟೊ ಆಗವಾ. ಒಂದ ಹೆಜ್ಜಿ ಇಟ್ರ ಸಾಕು," ಎಂದು ಮಾಸ್ತರೇ ಅವಳನ್ನು ಕರೆದಿದ್ದರು. ಒಳ್ಳೆಯ ಕೆಲಸವನ್ನು ಒಳ್ಳೆಯದೆಂದೇ ಹೇಳುತ್ತೇನೆ. ಆಟದ ದಿನ ಅವಳ ಅಂಗೈ ಬೆವರಿ ನಾನು ಒದ್ದೆಯಾಗಿದ್ದೆ. "ನಾನು ಪ್ಲೂಟೊ. ಎಲ್ಲಾರಕಿಂತ ದೂರ ಇರಾಕಿ. ನನಗೇನೂ ಅವಸರ ಇಲ್ಲ," ಎಂದಾಗ ಪಾಲಕರೆಲ್ಲ ನಕ್ಕು ಚಪ್ಪಾಳೆ ತಟ್ಟಿದರು. ಮುಂದಿನ ವರ್ಷವೂ ಅವಳೇ ಪ್ಲೂಟೊ. ವರ್ಷವೆಲ್ಲ ಅವಳು ಆ ದಿನದ ದಾರಿ ಕಾಯುತ್ತಿದ್ದಳು.

ಅಷ್ಟರಲ್ಲಿ 2006ರ ಆಗಸ್ಟ್ ಬಂತು. ಪ್ರಾಗ್ ಎಂಬ ಊರಿನಲ್ಲಿ ಖಗೋಳ ವಿಜ್ಞಾನಿಗಳು ಸೇರಿದ್ದರಂತೆ. ಆಕಾಶದ ಪ್ಲೂಟೊವಿನ ಆಚೆ ಏರಿಸ್ ಎಂಬ ಇನ್ನೊಂದು ಸಿಕ್ಕಿತ್ತು, ಹೆಚ್ಚುಕಮ್ಮಿ ಅಷ್ಟೇ ಗಾತ್ರದ್ದು. ಇದನ್ನು ಗ್ರಹ ಎಂದರೆ ನಾಳೆ ಸಿಗುವ ಇನ್ನಷ್ಟನ್ನೂ ಗ್ರಹ ಎನ್ನಬೇಕು. ಅದಕ್ಕೆ ಮೂರು ಕಟ್ಟಳೆ ಮಾಡಿದರು. ಸೂರ್ಯನನ್ನು ಸುತ್ತಬೇಕು. ತನ್ನ ಸೆಳೆತದಿಂದಲೇ ಗುಂಡಗಾಗಿರಬೇಕು. ತಾನು ಸುತ್ತುವ ದಾರಿಯಲ್ಲಿ ಬೇರೆ ಕಲ್ಲುಬಂಡೆಗಳು ಉಳಿಯದಂತೆ ದಾರಿ ಗುಡಿಸಿಕೊಂಡಿರಬೇಕು. ಮೊದಲೆರಡರಲ್ಲಿ ಪ್ಲೂಟೊ ಪಾಸು, ಮೂರನೆಯದರಲ್ಲಿ ಫೇಲು. ಹಳದಿ ಚೀಟಿ ಎತ್ತಿ ಮತ ಹಾಕಿ, ಕುಬ್ಜ ಗ್ರಹ ಎಂದು ಹೆಸರಿಟ್ಟರು. ಕುಬ್ಜ ಗ್ರಹ ಗ್ರಹವೇ ಅಲ್ಲ ಎಂದೂ ಸೇರಿಸಿದರು. ಕುಳ್ಳ ಮನುಷ್ಯ ಮನುಷ್ಯನೇ ಅಲ್ಲ ಅಂದ ಹಾಗಾಯಿತು!

ಆದರೂ ಅವರ ಮೇಲೆ ನನ್ನ ಸಿಟ್ಟು ಅಷ್ಟಿಲ್ಲ. ಸಾಮಾನು ಹೆಚ್ಚಾದಾಗ ವಿಂಗಡಿಸಲೇಬೇಕು. ಮಂಗಳ, ಗುರುಗಳ ನಡುವೆ ಸುತ್ತುವ ಸಿರಿಸ್ ಕೂಡ ಹಿಂದೆ ಕೆಲವು ದಶಕ ಗ್ರಹ ಅನ್ನಿಸಿಕೊಂಡು ಆಮೇಲೆ ಪಟ್ಟ ಕಳೆದುಕೊಂಡಿತ್ತು. ನನ್ನ ಮೈ ಉರಿಯುವುದು ಗುರುಪಾದಪ್ಪ ಮಾಸ್ತರರ ಮೇಲೆ. ಅವರು ಪೇಪರಿನಲ್ಲಿ "ಗ್ರಹವಲ್ಲ" ಎಂದು ಓದಿದರು, "ಇಲ್ಲವೇ ಇಲ್ಲ" ಎಂದು ತಿಳಿದುಕೊಂಡರು.

ಆ ವರ್ಷ ಪಾಲಕರ ದಿನಕ್ಕೆ ಶಿಕ್ಷಣಾಧಿಕಾರಿ ಸಾಹೇಬರು ಬರುವವರಿದ್ದರು. ಮಾಸ್ತರು ಎಂಟೇ ವೃತ್ತ ಎಳೆಸಿದರು. ನನ್ನನ್ನು ಡಬ್ಬಿಯಿಂದ ತೆಗೆದು ಕಿಟಕಿಯ ಮೇಲೆ ಒಗೆದರು, ಬೇಳೆಯಲ್ಲಿ ಸಿಕ್ಕ ಹರಳಿನ ಹಾಗೆ.

"ಸರ, ನಾ ಎಲ್ಲಿ ನಿಂದರ್ಲಿ?" ಎಂದು ಫಕ್ಕೀರವ್ವ ಕೇಳಿದಳು.

"ಪ್ಲೂಟೊ ತಗದಾರವಾ. ಈ ಸಲ ನೀ ಚಪ್ಪಲಿ ನೋಡ್ಕೊ."

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲವೇನೋ. ಕಿಟಕಿಗೆ ಕೈ ಚಾಚಿ ನನ್ನನ್ನು ತೆಗೆದುಕೊಂಡು ಹೋಗಿ ಚಪ್ಪಲಿಗಳ ಪಕ್ಕ ಕುಳಿತಳು. ಮುಷ್ಟಿಯನ್ನು ಎಷ್ಟು ಬಿಗಿ ಹಿಡಿದಿದ್ದಳೆಂದರೆ ನನ್ನ ಅರಗು ಬಿರಿಯುತ್ತದೋ ಎನ್ನಿಸಿತು.

ಎಂಟು ಮಕ್ಕಳೂ ತಮ್ಮ ತಮ್ಮ ಮಾತು ಒಪ್ಪಿಸಿದರು. ಮಾಸ್ತರು ಗಂಟೆಗೆ ಕೈ ಹಾಕುವ ಹೊತ್ತಿಗೆ ಫಕ್ಕೀರವ್ವ ಎದ್ದಳು. ಮೊಣಕಾಲಿಗೆ ಕೈ ಊರುತ್ತ ಅಂಗಳ ದಾಟಿ, ನೆಪ್ಚೂನಿನ ವೃತ್ತದ ಆಚೆ, ಸುಣ್ಣವಿಲ್ಲದ ಬರೀ ಮಣ್ಣಿನಲ್ಲಿ ನಿಂತಳು. ಅಂಗೈ ಬಿಚ್ಚಿ ನನ್ನನ್ನು ಎತ್ತಿ ಹಿಡಿದಳು. ಮಾಸ್ತರು ಕಣ್ಣಲ್ಲೇ ಗದರಿದರು. ಅವಳು ಕದಲಲಿಲ್ಲ.

"ಆಕಿ ಯಾರ್ರಿ ಮಾಸ್ತರ?" ಎಂದರು ಸಾಹೇಬರು.

"ಆಕಿ ಲೆಕ್ಕದಾಗಿಲ್ರಿ ಸಾಹೇಬ್ರ."

"ನಾನು ಪ್ಲೂಟೊ ರೀ," ಎಂದಳು ಫಕ್ಕೀರವ್ವ. "ಗ್ರಹ ಅಲ್ಲಂತ ಠರಾವು ಆಗೇತ್ರಿ. ಸುತ್ತಬ್ಯಾಡ ಅಂತ ಯಾರೂ ಅಂದಿಲ್ರಿ."

ಸಾಹೇಬರು ಗಡಿಯಾರ ನೋಡಿಕೊಂಡರು. "ಎಂಟಕ್ಕ ಎಂಟ ಅದಾವು. ನಡೀಲಿ, ನಡೀಲಿ," ಎಂದರು. ಗಂಟೆ ಬಡಿಯಿತು, ಮಕ್ಕಳು ತಿರುಗತೊಡಗಿದರು. ಎಲ್ಲರ ಕಣ್ಣು ಒಳಗಿನ ಎಂಟರ ಮೇಲೆ. ಫಕ್ಕೀರವ್ವ ತುಟಿ ಕಚ್ಚಿ ಎಡಗಾಲನ್ನು ಎಳೆದು ತನ್ನ ಒಂದು ಹೆಜ್ಜೆ ಇಟ್ಟಳು. ಚಪ್ಪಾಳೆ ಬಂದದ್ದು ಒಳಗಿನ ಎಂಟು ಮಂದಿಗೆ. ಅವಳು ನನ್ನನ್ನು ಡಬ್ಬಿಗೆ ಹಾಕದೆ ಮನೆಗೆ ಒಯ್ದಳು.

ಈಗ ನನಗೆ ವಯಸ್ಸಾಗಿದೆ. ಅರಗು ಅಲ್ಲಲ್ಲಿ ಕಿತ್ತು ಬಿಳಿ ಮರ ಕಾಣುತ್ತದೆ. ಫಕ್ಕೀರವ್ವ ಅದೇ ಊರಿನ ಬಸ್‌ಸ್ಟ್ಯಾಂಡಿನ ಹತ್ತಿರ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಗುಂಡಿಗಳ ತಟ್ಟೆಯಲ್ಲಿ ನನ್ನ ವಾಸ. ಗಗನನೌಕೆ ಪ್ಲೂಟೊವಿನ ಪಕ್ಕ ಹಾದು ಚಿತ್ರ ಕಳಿಸಿತಂತೆ, ಅಲ್ಲಿ ಹಿಮದ ಬೆಟ್ಟಗಳಿವೆಯಂತೆ. ಪ್ಲೂಟೊ ಈಗಲೂ ಸುತ್ತುತ್ತಿದೆ. ಹೆಸರು ಕೊಡುವುದು ಬಿಡುವುದು ನಿಮ್ಮ ಅನುಕೂಲ. ನಿಂತವರ ಕಾಲ ಕೆಳಗಿನ ನೆಲ ಕಿತ್ತುಕೊಳ್ಳಲು ನಿಮಗೆ ಯಾರು ಅಧಿಕಾರ ಕೊಟ್ಟರು?

ಮೊನ್ನೆ ಗುರುಪಾದಪ್ಪ ಮಾಸ್ತರು ಅಂಗಿ ಹೊಲಿಸಲು ಬಂದಿದ್ದರು. ನಿವೃತ್ತರಾಗಿದ್ದಾರೆ, ತಲೆ ಬೆಳ್ಳಗಾಗಿದೆ. ಅಳತೆ ಕೊಡುತ್ತ ನಿಂತವರ ಕಣ್ಣು ತಟ್ಟೆಯ ಮೇಲೆ ಬಿತ್ತು. ನನ್ನನ್ನು ಎತ್ತಿಕೊಂಡು, ಅಂಗೈಯಲ್ಲಿ ಹೊರಳಿಸಿ ನೋಡಿದರು.

"ಇದು ನಮ್ಮ ಸಾಲೀದಲ್ಲೇನವಾ?"

ಫಕ್ಕೀರವ್ವ ಟೇಪನ್ನು ಕೊರಳಿಗೆ ಹಾಕಿಕೊಂಡು, ಅವರ ಅಂಗೈಯಿಂದ ನನ್ನನ್ನು ತೆಗೆದು ತಟ್ಟೆಗೆ ಹಾಕಿದಳು.

"ನಿಮ್ಮ ಸಾಲ್ಯಾಗ ಎಂಟ ಇದ್ದೂವಲ್ರಿ ಸರ," ಎಂದಳು. "ಕೈ ಎತ್ರಿ, ತೋಳಿನ ಅಳತಿ ತಗೋತೀನಿ."