ರಂಗ ಬಿಟ್ಟೆನೆಂದು ಬರೆದುಕೊಟ್ಟವನು

"ಉಣ್ಣೆ ಕಾಲುಚೀಲ ಎರಡು ಜೊತೆ ಇಟ್ಟಿದ್ದೀನಿ. ಜೈಲಿನ ನೆಲ ಕೊರೆಯತ್ತಂತೆ," ಎಂದಳು ಉರ್ಸ್ಯೂಲ್, ಗಂಟು ಬಿಗಿಯುತ್ತ. ಅಂಬ್ರುವಾಜ್ ಕಿಟಕಿಯ ಬಳಿ ಕೂತು ಈರುಳ್ಳಿ ಸಾರು ಕುಡಿಯುತ್ತಿದ್ದ. ಗಂಡ ಜೈಲಿಗೆ ಹೊರಟಿದ್ದಾನೆಂದು ಹೆಂಡತಿ ಇಷ್ಟು ನೆಮ್ಮದಿಯಿಂದ ಇರುವುದನ್ನು ಅವನು ಯಾವ ನಾಟಕದಲ್ಲೂ ಕಂಡಿರಲಿಲ್ಲ.

ಮೂರು ವಾರದ ಹಿಂದೆ ಅವನು ಸಾಯಬೇಕಿತ್ತು. ಪ್ರತಿ ಶರತ್ಕಾಲದಂತೆ ದೊರೆ ಬೇಟೆಗೆಂದು ಫೊಂತೆನ್‌ಬ್ಲೋ ಅರಮನೆಗೆ ಬಂದಿದ್ದರು, ಬೆನ್ನಿಗೆ ಅವರ ನಾಟಕ ಮಂಡಳಿಯೂ ಬಂದಿತ್ತು. ನಾಲ್ಕನೇ ದಿನವೇ ಮಂಡಳಿಯ ನಟ ಅಂಬ್ರುವಾಜ್ ಜ್ವರ ಬಂದು ಮಲಗಿದ. ನಾಟಕವಾಡುವುದು ಪಾಪ, ನಟನಿಗೆ ಇಗರ್ಜಿಯಲ್ಲಿ ಮದುವೆಯೂ ಮಣ್ಣೂ ಸಿಗುವುದಿಲ್ಲ. ಇನ್ನು ರಂಗ ಹತ್ತುವುದಿಲ್ಲವೆಂದು ಬರೆದುಕೊಟ್ಟರೆ ಸಿಗುತ್ತದೆ. ಮಲಗಿದಲ್ಲೇ ಬರೆದುಕೊಟ್ಟ. ಪಾದ್ರಿ ಹಣೆಗೆ ಎಣ್ಣೆ ಹಚ್ಚಿ ಹೋದರು. ಮರುದಿನ ಬೆಳಿಗ್ಗೆ ಜ್ವರ ಇಳಿಯಿತು. ಸಾಯುವವನು ಸಾಯಲಿಲ್ಲ, ತಾಪತ್ರಯ ಶುರುವಾದದ್ದೇ ಅಲ್ಲಿಂದ.

ಸ್ವರ್ಗದ ಆಸೆ ಅವನಿಗೆ ಅಷ್ಟೇನೂ ಇರಲಿಲ್ಲ. ಹತ್ತೊಂಬತ್ತು ವರ್ಷದ ಹಿಂದೆ ಇಂಥದೇ ಪ್ರವಾಸದಲ್ಲಿ ಅವನ ಆರು ವರ್ಷದ ಮಗಳು ನಿನೆಟ್ ಗಂಟಲುಬೇನೆಯಿಂದ ತೀರಿಕೊಂಡಿದ್ದಳು. ಪಕ್ಕದ ಆವೋನ್ ಹಳ್ಳಿಯ ಇಗರ್ಜಿಯಲ್ಲಿ, ಕಾಂಪೌಂಡು ಗೋಡೆಯ ಮಗ್ಗುಲಲ್ಲೇ ಮಣ್ಣು ಮಾಡಿದ್ದರು. ಕತ್ತಲೆಂದರೆ ಹೆದರುತ್ತಿದ್ದ ಮಗು ಅದು. ಅಪ್ಪ ಆಮೇಲೆ ಬಂದು ಪಕ್ಕ ಮಲಗುತ್ತಾನೆಂದು ಅವನು ಆ ಪುಟ್ಟ ಪೆಟ್ಟಿಗೆಗೆ ಹೇಳಿ ಬಂದಿದ್ದ.

ಈಗ ಅರಮನೆಯ ನಾಟಕಗಳ ಉಸ್ತುವಾರಿ ಹೊತ್ತ ಡ್ಯೂಕರ ಅಪ್ಪಣೆ ಬಂದಿತ್ತು: ಗುರುವಾರ ದೊರೆಯ ಮುಂದೆ ಕಿವುಡ ಚಿಕ್ಕಪ್ಪನ ಪಾತ್ರ ಮಾಡತಕ್ಕದ್ದು. ಇಲ್ಲವೆಂದರೆ ಜೈಲು. ಪಾತ್ರ ಮಾಡಿದರೆ ಪಾದ್ರಿಗೆ ಕೊಟ್ಟ ಕಾಗದಕ್ಕೆ ಬೆಲೆಯಿಲ್ಲ. ನಿನ್ನೆ ಆ ಪಾದ್ರಿಯ ಬಳಿಗೂ ಹೋಗಿ ಅಂಗಲಾಚಿದ್ದಾಯಿತು.

"ಮದುವೆಗೆ ಅಂತ ಒಂದ್ಸಲ ಬರೆದುಕೊಟ್ಟು ಮುರಿದ್ರಿ," ಎಂದಿದ್ದರು ಆ ಮುದುಕ, ಕಣ್ಣು ತಪ್ಪಿಸಿ. "ಈಗ ಸಾವಿಗೆ ಅಂತ ಬರೆದಿದ್ದೀರಿ. ಇದನ್ನೂ ಮುರಿದ್ರೆ, ಮೂರನೇ ಸಲ ನನಗೆ ಹೇಳಿಕಳಿಸ್ಬೇಡಿ. ನಾನು ಬರೋ ಹಾಗಿಲ್ಲ."

ಗಂಡಹೆಂಡಿರು ರಾತ್ರಿಯೆಲ್ಲ ಯೋಚಿಸಿ ಜೈಲೇ ವಾಸಿ ಎಂದು ತೀರ್ಮಾನಿಸಿದರು. ಅವನ ಶ್ವಾಸಕೋಶ ಅಲ್ಲಿ ಒಂದು ಚಳಿಗಾಲವೂ ತಾಳುವಂತಿರಲಿಲ್ಲ. ಆದರೂ ಮಗಳ ಪಕ್ಕದ ಜಾಗ ಉಳಿಯುತ್ತಿತ್ತು.

ಗಂಟನ್ನು ಮನೆಯಲ್ಲೇ ಇಟ್ಟು, ಡ್ಯೂಕರ ಕಾರ್ಯದರ್ಶಿಗೆ ಆಗುವುದಿಲ್ಲವೆಂದು ಹೇಳಿ ಬರಲು ಅವನು ಅರಮನೆಗೆ ಹೋದ. ನಾಟಕಶಾಲೆಯಾಗುವ ಮುಂಚೆ ಆ ಕೋಣೆಯಲ್ಲಿ ಆಳೆತ್ತರದ ಅಗ್ಗಿಷ್ಟಿಕೆಯಿತ್ತು. ರಂಗಕ್ಕೆ ಜಾಗ ಬೇಕೆಂದು ಅದನ್ನು ಕೆಡವಿದ್ದರು. ಅಂದಿನಿಂದ ಮೂರು ತಲೆಮಾರಿನ ನಟರು ಅಲ್ಲಿ ನಡುಗುತ್ತ ಅದನ್ನು ಕೆಡವಿದವರಿಗೆ ಶಾಪ ಹಾಕುತ್ತ ಬಂದಿದ್ದರು.

ಒಳಗೆ ತಾಲೀಮು ನಡೆದಿತ್ತು. ಕಾರ್ಯದರ್ಶಿ ಮುಂದಿನ ಬೆಂಚಿನಲ್ಲಿದ್ದ. ಅಂಬ್ರುವಾಜ್ ಪಕ್ಕದ ಪರದೆಯ ಹಿಂದೆ, ಮೂರು ಮೆಟ್ಟಿಲ ಕೆಳಗೆ ಕಾದು ನಿಂತ. ಅವನ ಪಾತ್ರವನ್ನು ಗ್ರಾಂವಾಲ್ ಎಂಬ ದಪ್ಪನೆಯ ನಟ ಒಪ್ಪಿಸುತ್ತಿದ್ದ. ಸೊಸೆ ಬೈಯುತ್ತಾಳೆ, ಚಿಕ್ಕಪ್ಪನಿಗೆ ಕೇಳಿಸಲಿಲ್ಲವೆಂದು ಎಲ್ಲರೂ ನಿರಾಳವಾಗುತ್ತಾರೆ, ಆಮೇಲೆ ಅವನು ಉತ್ತರ ಕೊಡುತ್ತಾನೆ. ಗ್ರಾಂವಾಲ್ ತಕ್ಷಣವೇ ಉತ್ತರ ಕೊಟ್ಟುಬಿಟ್ಟ. ಮೇಣದಬತ್ತಿ ಹಚ್ಚುವವನೂ ನಗಲಿಲ್ಲ. ಮತ್ತೊಮ್ಮೆ ಮಾಡಿಸಿದರು, ಮತ್ತೆ ಹಾಗೇ ಹಾಳುಮಾಡಿದ.

"ಕಾಯಬೇಕು ಮಾರಾಯ," ಎಂದ ಅಂಬ್ರುವಾಜ್. "ಮೂರು ಉಸಿರು ಕಾಯಬೇಕು. ಹೀಗೆ."

ತೋರಿಸಿದ. ಬೈಗುಳ ಕೇಳಿದ, ಮೂರು ಉಸಿರು ಕಾದ, ಉತ್ತರ ಕೊಟ್ಟ. ಬಡಗಿಗಳು, ದೀಪದವರು, ಕಾರ್ಯದರ್ಶಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನ ಮೈ ಬೆಚ್ಚಗಾಯಿತು. ಕೆಳಗೆ ನೋಡಿದರೆ ಕಾಲಡಿಯಲ್ಲಿ ರಂಗದ ಹಲಗೆಯಿತ್ತು. ಆ ಮೂರು ಮೆಟ್ಟಿಲು ಯಾವಾಗ ಹತ್ತಿದೆನೆಂದು ಅವನಿಗೇ ಗೊತ್ತಾಗಲಿಲ್ಲ.

ಮನೆಗೆ ಬಂದು ಇದ್ದದ್ದನ್ನು ಇದ್ದಹಾಗೆ ಹೇಳಿದ.

"ಯಾರೂ ತಳ್ಳಲಿಲ್ವಾ?"

"ಇಲ್ಲ ಕಣೇ."

ಉರ್ಸ್ಯೂಲ್ ಗಂಟು ಬಿಚ್ಚಿ ಕಾಲುಚೀಲಗಳನ್ನು ಹೊರಗೆ ತೆಗೆದಳು. ಗುರುವಾರ ದೊರೆ ಎರಡು ಸಲ ನಕ್ಕರಂತೆ.

ಶುಕ್ರವಾರ ಇಬ್ಬರೂ ಆವೋನಿಗೆ ನಡೆದುಹೋದರು. ಉರ್ಸ್ಯೂಲ್ ಮಂಡಳಿಯ ಬಟ್ಟೆ ಹೊಲಿಯುವವಳು. ಹೊಲಿಯುವವಳಿಗೆ ಪಾಪವಿಲ್ಲ, ತೊಟ್ಟು ಕುಣಿಯುವವನಿಗೆ ಮಾತ್ರ.

"ನನ್ನ ಜಾಗದಲ್ಲಿ ನೀನು ಮಲಕ್ಕೋ," ಎಂದು ಅವಳನ್ನು ಮಗಳ ಕಲ್ಲಿನ ಬಳಿ ನಿಲ್ಲಿಸಿದ. ತಾನು ಗೇಟಿನಿಂದ ಹೊರಬಿದ್ದು, ಸುತ್ತು ಹಾಕಿ, ತುರುಚೆ ಗಿಡಗಳನ್ನು ತುಳಿದುಕೊಂಡು ಗೋಡೆಯ ಆಚೆಗೆ ಬಂದ. ಅಲ್ಲಿ ಮಣ್ಣಾಗಲು ಯಾರಪ್ಪಣೆಯೂ ಬೇಕಿರಲಿಲ್ಲ.

"ಏನಾದ್ರೂ ಮಾತಾಡು," ಎಂದ. "ಮೆಲ್ಲಗೆ. ಕೇಳ್ಸತ್ತಾ ನೋಡೋಣ."

ಉರ್ಸ್ಯೂಲಳ ದನಿ ನೆಲದ ಹತ್ತಿರದಿಂದ ಬಂತು. ಬಗ್ಗಿರಬೇಕು.

"ಅಪ್ಪ ಇಲ್ಲೇ ಇದ್ದಾರೆ ಪುಟ್ಟಿ. ಗೋಡೆ ಆಚೆ."

ಪ್ರತಿ ಅಕ್ಷರವೂ ಕೇಳಿಸಿತು. ಮೂರು ಉಸಿರು ಕಳೆಯಿತು, ನಾಲ್ಕನೆಯದೂ ಕಳೆಯಿತು.

"ಕೇಳಿಸ್ತೇನ್ರೀ?"

ಅವನು ಪಾಚಿ ಹಿಡಿದ ಗೋಡೆಯ ಮೇಲೆ ಅಂಗೈಯಿಟ್ಟು ನಿಂತೇ ಇದ್ದ.