ಹಾಗರಳು ಇಟ್ಟ ಹೆಸರು

ಹಕಾರ ಹೋಗಿ ಯಕಾರ ಬಂದಿದೆ, ಹದಿನೆಂಟನೇ ಪುಟದಲ್ಲಿ ರೋಹಿ ಎಂದಿದ್ದದ್ದು ಮೂವತ್ತನಾಲ್ಕರಲ್ಲಿ ರೋಯಿ ಆಗಿದೆ, ಟೈಪ್ ಮಾಡಿದವರ ಬೆರಳು ಜಾರಿರಬೇಕು ಎಂದುಕೊಂಡು ಸಿದ್ದಗಂಗಮ್ಮ ಕೆಂಪು ಪೆನ್ನಿನಿಂದ ಸುತ್ತು ಹಾಕಿ ಅಂಚಿನಲ್ಲಿ ಹ ಬರೆಯುವಷ್ಟರಲ್ಲಿ ಕುಕ್ಕರ್ ಕೂಗಿತು, ಎದ್ದು ಸ್ಟವ್ ಆರಿಸಿ ಬಂದು ಕೂತು ನೋಡಿದರೆ ಕೆಳಗಿನ ಸಾಲಿನಲ್ಲಿ ಬರೆದವರೇ ಬಿಡಿಸಿ ಹೇಳಿದ್ದಾರೆ, ಯೆಹೋವ ರೋಹಿ ಎಂದರೆ ನನ್ನ ಕುರುಬನಾದ ದೇವರು, ಎಲ್ ರೋಯಿ ಎಂದರೆ ನನ್ನನ್ನು ನೋಡುವ ದೇವರು, ಹೀಬ್ರೂ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಧಾತು — ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ಸಾಲು ಪೂರ್ತಿ ಓದದೆ ತಿದ್ದಲು ಹೋದೆನಲ್ಲ ಎಂದು ನಾಚಿಕೆಯಾಗಿ, ತಾನೇ ಹಾಕಿದ ಸುತ್ತನ್ನು ತಾನೇ ಹೊಡೆದುಹಾಕಿದಳು, ನಿವೃತ್ತಿಯಾದ ಮೇಲೆ ತುಮಕೂರಿನ ಸದಾಶಿವನಗರದ ಈ ಮನೆಯಲ್ಲಿ ಊಟದ ಮೇಜಿನ ಮೇಲೆ ಪ್ರೂಫ್ ನೋಡುವುದೇ ಅವಳ ಕೆಲಸ, ಮದುವೆ ಪತ್ರಿಕೆ, ಮಠದ ಸ್ಮರಣ ಸಂಚಿಕೆ, ಸೊಸೈಟಿಯ ವಾರ್ಷಿಕ ವರದಿ, ಕ್ರೈಸ್ತರ ಪುಸ್ತಕ ಇದೇ ಮೊದಲು, ಬೈಬಲ್ಲಿನಲ್ಲಿ ದೇವರಿಗಿರುವ ಹೆಸರುಗಳ ಬಗ್ಗೆ ಬರೆದದ್ದು, ತನ್ನ ಹಣೆಯ ವಿಭೂತಿಗೂ ಅದಕ್ಕೂ ಜಗಳವೇನಿಲ್ಲ, ಅಕ್ಷರ ಅಕ್ಷರವೇ, ಮೂರು ದಿನದಿಂದ ಈ ಹೆಸರುಗಳು ತಲೆಯೊಳಗೆ ಓಡಾಡಿಕೊಂಡಿವೆ, ದೇವರು ಎಂಬರ್ಥದ ಎಲೋಹೀಮ್ ಎಂಬುದು ರೂಪದಲ್ಲಿ ಬಹುವಚನವಂತೆ, ಕ್ರಿಯಾಪದ ಮಾತ್ರ ಏಕವಚನವಂತೆ, ಇದು ನಮ್ಮಲ್ಲೂ ಇದೆಯಲ್ಲ, ದೇವರು ಇದ್ದಾನೆ ಅನ್ನುತ್ತೇವಲ್ಲ, ಎಂಟನೇ ಕ್ಲಾಸಿನ ಮಕ್ಕಳು ಇದ್ಯಾಕೆ ಮಿಸ್ ಹಿಂಗೆ ಅಂತ ಕೇಳಿದರೆ ರೂಢಿ ಕಣ್ರೋ ಅಂದುಬಿಡುತ್ತಿದ್ದೆ, ಎಲ್ಲೋ ದೂರದ ಇನ್ನೊಂದು ಭಾಷೆಯಲ್ಲೂ ಅದೇ ರೂಢಿ — ಗಂಗಾ, ಡ್ರಾಪ್ಸ್ ಟೈಮ್ ಆಯ್ತೇನೋ ನೋಡೇ, ಹಾಲ್‌ನಿಂದ ಗಂಡನ ದನಿ, ಇನ್ನೂ ಅರ್ಧ ಗಂಟೆ ಇದೆ ಕೂತ್ಕೊಳ್ರೀ, ಹತ್ತು ದಿನದ ಹಿಂದೆ ಎರಡನೇ ಕಣ್ಣಿನ ಪೊರೆ ತೆಗೆಸಿಕೊಂಡು ಕಪ್ಪು ಕನ್ನಡಕ ಹಾಕಿಕೊಂಡು ಟಿವಿಯನ್ನು ಬರೀ ಕೇಳುತ್ತ ಕೂತಿರುತ್ತಾರೆ.

ಈ ಪುಸ್ತಕ ಬರೆದ ಪಾಸ್ಟರ್ ಬಂದ ಗುರುವಾರವೂ ಹೀಗೇ ಕೂತಿದ್ದರು, ಭೀಮರಾಜ್ ಅಂತ ಹೆಸರು, ಮೂವತ್ತು ದಾಟಿರಬಹುದು, ಕುಣಿಗಲ್ಲಿನಲ್ಲಿ ಒಂದು ಸಣ್ಣ ಪ್ರಾರ್ಥನಾಲಯ ನೋಡಿಕೊಳ್ಳುತ್ತಾನಂತೆ, ದೇವಶಾಸ್ತ್ರದ ಕಾಲೇಜಿನಲ್ಲಿ ಹೀಬ್ರೂ ಕಲಿತವನಂತೆ, ಕಾಗದದ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟು, ನೀವೇ ನೋಡ್ಬೇಕು ಮೇಡಂ, ನಮ್ಮಮ್ಮ ನಿಮ್ಮ ಹತ್ರನೇ ಅಕ್ಷರ ಕಲ್ತೋರು, ಇನ್ಯಾರ ಕೈಗೂ ಕೊಡ್ಬೇಡ ಅಂದವ್ರೆ ಅಂದ, ಅವಳಿಗೆ ಅದೇನೂ ವಿಶೇಷ ಅನ್ನಿಸಲಿಲ್ಲ, ಗುಬ್ಬಿಯಲ್ಲಿ, ಬೆಳ್ಳಾವಿಯಲ್ಲಿ ಎಷ್ಟು ಸಾವಿರ ಹುಡುಗಿಯರು ಕಲಿತಿಲ್ಲ, ಚಕ್ಕುಲಿ ಕಾಫಿ ಕೊಟ್ಟಳು, ಲೋಟ ತಾನೇ ಅಡುಗೆಮನೆಗೆ ತಂದಿಟ್ಟು ಹೋದ, ಅವನು ಹೋದ ಮೇಲೆ ಗಂಡ ಕೇಳಿದರು, ಯಾರೇ ಅದು ಬಂದಿದ್ದು, ಯಾರೋ ಪುಸ್ತಕದವರು ಬಿಡಿ ಅಂದಳು, ಹೂಂ ಅಂದು ಟಿವಿಯ ಸದ್ದು ಇಳಿಸಿ ಗೇಟಿನ ಕಡೆ ಮುಖ ಮಾಡಿ ಕೂತರು. ಅವನ ಪುಸ್ತಕದಲ್ಲಿ ಪ್ರತಿಯೊಂದು ಹೆಸರಿಗೂ ಮೊದಲು ಅರ್ಥ, ಆಮೇಲೆ ಸಾಕ್ಷಿ ಅಂತ ಯಾರೋ ಒಬ್ಬರ ಅನುಭವ, ಅವರದೇ ಮಾತಿನಲ್ಲಿ, ನಾಲ್ಕು ಅಕ್ಷರದ ಒಂದು ಹೆಸರಿದೆಯಂತೆ, ಯೆಹೂದ್ಯರು ಬರೆಯುತ್ತಾರಂತೆ ಆದರೆ ಬಾಯಿಬಿಟ್ಟು ಹೇಳುವುದಿಲ್ಲವಂತೆ, ಓದುವಾಗ ಅಲ್ಲಿ ಬಂದರೆ ಅದೋನಾಯ್, ಒಡೆಯ, ಎಂದು ಓದಿ ಮುಂದೆ ಹೋಗುತ್ತಾರಂತೆ, ಅದನ್ನು ಓದಿ ಅವಳಿಗೆ ನಗು ಬಂದಿತ್ತು, ನಲವತ್ತೆರಡು ವರ್ಷದಿಂದ ರೇಷನ್ ಕಾರ್ಡಿನಲ್ಲಿ ಚನ್ನವೀರಯ್ಯ ಎಂದು ಬರೆದಿದ್ದೇನೆ, ಬಾಯಲ್ಲಿ ಮಾತ್ರ ನಮ್ಮನೆಯವರು, ಎಲ್ ಶಡ್ಡಾಯ್ ಎಂಬಲ್ಲಿ ನಗು ನಿಂತಿತ್ತು, ಸರ್ವಶಕ್ತ ಎಂಬುದು ರೂಢಿಯ ಅರ್ಥ, ಎದೆಹಾಲು ಊಡಿಸುವವನು ಎಂದೂ ಕೆಲವರು ಹೇಳುತ್ತಾರೆ ಎಂದಿತ್ತು, ಆ ಪುಟ ಬೇಗ ತಿರುಗಿಸಿದ್ದಳು, ಹೆರದ ಹೊಟ್ಟೆಯ ಮಾತು ಅರವತ್ತೈದಕ್ಕೂ ಮುಗಿಯುವುದಿಲ್ಲ.

ಈಗ ಈ ರೋಯಿ, ಈ ಹೆಸರಿಟ್ಟದ್ದು ಯಾರು ಎಂದು ಓದಿ ಪೆನ್ನು ಕೆಳಗಿಟ್ಟಳು, ಪ್ರವಾದಿಯಲ್ಲ, ರಾಜನಲ್ಲ, ಹಾಗರಳು ಎಂಬ ಮನೆಗೆಲಸದವಳು, ಮಕ್ಕಳಿಲ್ಲದ ಯಜಮಾನಿ ಸಾರಯಳು ತಾನೇ ಅವಳನ್ನು ಗಂಡನ ಹತ್ತಿರ ಕಳಿಸಿದಳಂತೆ, ಬಸುರಾದ ಮೇಲೆ ಸಹಿಸಲಾರದೆ ಕಾಟ ಕೊಟ್ಟಳಂತೆ, ಅವಳು ಮರಳುಗಾಡಿಗೆ ಓಡಿಹೋಗಿ ನೀರಿನ ಬುಗ್ಗೆಯ ಹತ್ತಿರ ಕೂತಿದ್ದಾಗ ದೇವದೂತ ಬಂದು ಎಲ್ಲಿಂದ ಬಂದೆ, ಎಲ್ಲಿಗೆ ಹೋಗುತ್ತೀಯ ಎಂದು ಕೇಳಿದನಂತೆ, ಆಗ ಆ ದಾಸಿಯೇ ದೇವರಿಗೆ ನೀನು ನನ್ನನ್ನು ನೋಡುವವನು ಎಂದು ಹೆಸರಿಟ್ಟಳಂತೆ, ಶರಣರಿಗೆ ಒಬ್ಬೊಬ್ಬರಿಗೂ ಒಂದೊಂದು ಅಂಕಿತ ಇದ್ದ ಹಾಗೆ, ಕಸ ಗುಡಿಸುವವಳಿಗೂ ಭತ್ತ ಕುಟ್ಟುವವಳಿಗೂ ದೇವರಿಗೊಂದು ಹೆಸರಿಡುವ ಅಧಿಕಾರವಿತ್ತು ಮಕ್ಕಳೇ ಎಂದು ಎಷ್ಟು ಹೆಮ್ಮೆಯಿಂದ ಪಾಠ ಮಾಡಿದ್ದೆ — ಎಂದುಕೊಳ್ಳುತ್ತಲೇ ಕಣ್ಣು ಮತ್ತೆ ಮೇಲಿನ ಸಾಲಿಗೆ ಹೋಯಿತು, ಮಕ್ಕಳಿಲ್ಲದ ಯಜಮಾನಿ, ಬಸುರಿ ಕೆಲಸದವಳು, ಇರಲಿ, ಎಲ್ಲರ ಮನೆಯಲ್ಲೂ ಇಂಥದ್ದು ಇರುತ್ತದೆ, ಪುಟ ತಿರುಗಿಸಿದಳು, ಸಾಕ್ಷಿ, ನಾನು ಸಿ.ಎಸ್. ಪುರದ ಕಡೆಯವಳು, ಇಪ್ಪತ್ತೊಂದನೇ ವಯಸ್ಸಿಗೆ ಗುಬ್ಬಿಯಲ್ಲಿ ಒಬ್ಬ ಟೀಚರಮ್ಮನ ಮನೆಗೆ ಕೆಲಸಕ್ಕೆ ಸೇರಿದೆ, ಇದ್ದಾರೆ, ಗುಬ್ಬಿಯಲ್ಲಿ ಟೀಚರಮ್ಮಂದಿರು ಬೇಕಾದಷ್ಟು ಜನ ಇದ್ದಾರೆ, ಸಂಜೆ ಹೊತ್ತು ಅಮ್ಮ ಮೊರದಲ್ಲಿ ರಾಗಿ ಹಿಟ್ಟು ಹರಡಿ ನನ್ನ ಬೆರಳು ಹಿಡಿದು ಅಕ್ಷರ ತೀಡಿಸುತ್ತಿದ್ದರು — ಕಣ್ಣು ಆ ಸಾಲಿನಿಂದ ಕೆಳಗಿಳಿಯಲಿಲ್ಲ, ರಾಗಿ ಹಿಟ್ಟು, ಅದನ್ನು ಇನ್ಯಾರೂ ಮಾಡುವುದಿಲ್ಲ, ಸ್ಲೇಟು ತರುವೆನೆಂದರೆ ಬ್ಯಾಡ ಬುಡಿ ಅಮ್ಮಾ, ಜನ ನಗ್ತಾರೆ ಅಂದವಳಿಗೆ ತಾನೇ ಹುಡುಕಿದ ಉಪಾಯ ಅದು, ವನಜಾಕ್ಷಿ, ಮೂವತ್ತೊಂದು ವರ್ಷದಿಂದ ಯಾವ ಮನೆಯಲ್ಲೂ ಯಾರೂ ಬಾಯಿಬಿಟ್ಟು ಹೇಳದ ಹೆಸರು, ಕೈ ಮಾತ್ರ ಅಭ್ಯಾಸಬಲದಿಂದ ಸ್ಕೇಲನ್ನು ಮುಂದಿನ ಸಾಲಿಗೆ ಸರಿಸುತ್ತಿದೆ, ಯಜಮಾನರಿಗೆ ಬೇಡ ಅನ್ನುವ ಬಾಯಿ ನನಗಿರಲಿಲ್ಲ, ಬಸುರಿಗೆ ಆರು ತಿಂಗಳಾದಾಗ ಅಮ್ಮನಿಗೆ ಗೊತ್ತಾಯಿತು, ಬೈಯಲಿಲ್ಲ, ಹೊಡೆಯಲಿಲ್ಲ, ನನ್ನ ಬಟ್ಟೆಯ ಚೀಲವನ್ನು ಗೇಟಿನ ಹೊರಗಿಟ್ಟರು, ಒಂದು ಸಲ ನನ್ನ ಮುಖ ನೋಡಲಿ ಅಂತ ನಿಂತಿದ್ದೆ, ಅವರು ಗೇಟಿನ ಚಿಲಕವನ್ನೇ ನೋಡುತ್ತ ನಿಂತಿದ್ದರು. ಚಿಲಕ. ಹಸಿರು ಬಣ್ಣ ಎದ್ದು ಒಳಗಿನ ಕಬ್ಬಿಣ ಕಾಣುತ್ತಿದ್ದ ಚಿಲಕ.

ಎದುರಿಗೇ ಬಂದು ನಿಂತಿದೆ ಅದು, ಪ್ರೂಫಿನ ಕಾಗದದ ಮೇಲೆ, ಹಿಡಿಕೆಯ ತುದಿಯಲ್ಲಿ ಉಗುರಿನಷ್ಟಗಲ ಬಣ್ಣ ಎದ್ದಿತ್ತು, ಅದನ್ನು ಕಿತ್ತುಹಾಕಬೇಕು ಅನ್ನಿಸುತ್ತಿತ್ತು ಆವತ್ತು, ಅಷ್ಟು ಹೊತ್ತು ನೋಡಿದ್ದೆ, ಓದು, ಮುಂದಕ್ಕೆ ಓದು, ಸಿಕ್ಕಿದ ಬಸ್ಸು ಹತ್ತಿ ಕುಣಿಗಲ್ಲಿಗೆ ಬಂದು ಕೆರೆ ಏರಿಯ ಮೇಲೆ ಕೂತೆ, ನೀರು ನೋಡುತ್ತ ಕೂತಿದ್ದಾಗ ಡ್ಯೂಟಿ ಮುಗಿಸಿ ಹೋಗುತ್ತಿದ್ದ ಒಬ್ಬ ನರ್ಸಮ್ಮ ನಿಂತು, ಎಲ್ಲಿಂದ ಬಂದ್ಯವ್ವ, ಎಲ್ಲಿಗ್ ಹೋಗ್ತಿದೀಯ ಅಂದರು, ಅವರ ಮನೆಯಲ್ಲೇ ನನಗೆ ಗಂಡುಮಗು ಆಯಿತು, ನಮ್ಮಪ್ಪನ ಹೆಸರಿಟ್ಟೆ, ಆ ಮಗುವೇ ಈ ಪುಸ್ತಕ ಬರೆದವನು — ಆಯಿತು, ಹುಟ್ಟಿತು, ಇಲ್ಲ, ಇದು ತಪ್ಪು, ಇಲ್ಲಿ ಎಲ್ಲೋ ತಪ್ಪಿದೆ, ಮಗು ಸತ್ತುಹೋಗಿತ್ತು, ಎಲ್ಲಿಂದಲೋ ಸುದ್ದಿ ತಿಳಿದು ಇವರೇ ಕುಣಿಗಲ್ಲಿಗೆ ಹೋಗಿ ವಿಚಾರಿಸಿಕೊಂಡು ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಹೇಳಿದ್ದರಲ್ಲ, ಮಗು ಉಳೀಲಿಲ್ವಂತೆ ಗಂಗಾ ಅಂತ, ಮಗು ಇವರದು ಅನ್ನುವುದು ಆವತ್ತೇ ಗೊತ್ತಿತ್ತು, ಅದನ್ನು ನುಂಗಿಕೊಂಡೇ ಬದುಕಿದ್ದು, ಸತ್ತದ್ದರಿಂದ ನುಂಗಲು ಆಗಿತ್ತು, ಆದರೆ ಗುರುವಾರ ಈ ಕುರ್ಚಿಯ ಮೇಲೆ ಕೂತು ಚಕ್ಕುಲಿ ಮುರಿದು ತಿಂದವನು ಯಾರು, ಯಾವೂರಪ್ಪ ನಿಂದು ಅಂತ ಕೇಳಿದಾಗ ಚಕ್ಕುಲಿ ಕೆಳಗಿಟ್ಟು ಹುಟ್ಟಿದ್ದು ಕುಣಿಗಲ್ ಮೇಡಂ ಅಂದನಲ್ಲ, ಲೋಟ ತಾನೇ ತೆಗೆದಿಟ್ಟನಲ್ಲ, ಅವನಿಗೆ ಎಲ್ಲ ಗೊತ್ತಿತ್ತು, ಗೊತ್ತಿದ್ದೂ ಕಾಫಿ ಚೆನ್ನಾಗಿದೆ ಅಂದ, ಕೊನೆಯ ಸಾಲು ಉಳಿದಿದೆ, ಓದಬಾರದು, ಓದಿದಳು, ನನ್ನನ್ನು ನೋಡುವವನು ಒಬ್ಬನಿದ್ದಾನೆ ಎಂದು ಓದುವುದಕ್ಕೆ ಅಕ್ಷರ ಕೊಟ್ಟವರು ನನ್ನನ್ನು ನೋಡದೆ ನಿಂತ ಆ ಅಮ್ಮನೇ, ಅವರಿಗೆ ಒಳ್ಳೆಯದಾಗಲಿ. ಬೈದಿದ್ದರೆ ಆಗುತ್ತಿತ್ತು, ಮಣ್ಣು ತೂರಿದ್ದರೆ ಆಗುತ್ತಿತ್ತು, ಒಳ್ಳೆಯದಾಗಲಿ ಅಂದರೆ ಎಲ್ಲಿ ಇಟ್ಟುಕೊಳ್ಳಲಿ ಅದನ್ನು.

ಎದ್ದಳು, ಮೇಜು ಹಿಡಿದುಕೊಂಡು ಎದ್ದಳು, ಹಾಲ್‌ನಲ್ಲಿ ಟಿವಿಯವನು ಹವಾಮಾನ ಹೇಳುತ್ತಿದ್ದಾನೆ, ಡ್ರಾಪ್ಸ್ ತಂದ್ಯಾ ಅಂದು ಗಂಡ ಕನ್ನಡಕ ತೆಗೆದು ಮುಖ ಮೇಲೆತ್ತಿ ಕೂತರು, ಆ ಎತ್ತಿದ ಮುಖವನ್ನು ನೋಡುತ್ತ, ರೀ, ವನಜಾಕ್ಷಿ ಮಗು ಸತ್ತೋಯ್ತು ಅಂತ ನಿಮಗೆ ಯಾರು ಹೇಳಿದ್ದು, ಅಂದಳು, ಅವರು ಮುಖ ಇಳಿಸಲಿಲ್ಲ, ರಿಮೋಟು ತಡವಿ ಟಿವಿ ಆರಿಸಿದರು, ಫ್ಯಾನಿನ ಸದ್ದು, ಹೊರಗೆ ಯಾರೋ ಸ್ಕೂಟರ್ ಒದೆಯುವ ಸದ್ದು, ಯಾರೂ ಹೇಳ್ಲಿಲ್ಲ ಕಣೇ, ನಾನೇ ನೋಡ್ದೆ, ನರ್ಸಮ್ಮನ ಮನೆ ಹಜಾರದಲ್ಲಿ ಚಾಪೆ ಮೇಲೆ ಮಲಗಿತ್ತು, ಕಾಲು ಆಡಿಸ್ತಾ ಇತ್ತು. ಬದುಕಿತ್ತಾ. ಬದುಕಿತ್ತು. ಮತ್ಯಾಕೆ ಹಂಗಂದ್ರಿ. ನೀನು ಮೂರು ತಿಂಗ್ಳಿಂದ ಹೊಟ್ಟೆಗೆ ಸರಿಯಾಗಿ ತಿಂದಿರ್ಲಿಲ್ಲ, ಸ್ಕೂಲಿಗೂ ಹೋಗ್ತಿರ್ಲಿಲ್ಲ, ಒಂದ್ ನಾಲ್ಕ್ ದಿನ ಹಂಗಂದು ಆಮೇಲೆ ನಿಜ ಹೇಳೋಣ ಅನ್ಕೊಂಡೆ, ನೀನು ಅವತ್ತೇ ಎದ್ದು ತಲೆಗೆ ಸ್ನಾನ ಮಾಡಿ ಶಾವಿಗೆ ಪಾಯಸ ಮಾಡ್ದೆ ಗಂಗಾ, ದ್ರಾಕ್ಷಿ ಗೋಡಂಬಿ ಹುರಿದು ಹಾಕಿ ಮಾಡ್ದೆ, ಬಡಿಸ್ದೆ, ತಿಂದ್ಮೇಲೆ ನಾನು ಹೆಂಗ್ ಹೇಳ್ಲಿ. ಪಾಯಸ, ಹೌದು, ಸೋಮವಾರ ಅಲ್ಲವೇ ಅದು, ಪೂಜೆಗೆ ಮಾಡಿದ್ದು, ಎಡೆಗೆ ಮಾಡಿದ್ದು ಎಂದು ಮೂವತ್ತೊಂದು ವರ್ಷ ತನಗೆ ತಾನೇ ಹೇಳಿಕೊಂಡಿದ್ದು, ತುಪ್ಪದಲ್ಲಿ ದ್ರಾಕ್ಷಿ ಉಬ್ಬುವಾಗ ಸಣ್ಣಗೆ ಏನೋ ಹಾಡಿಕೊಂಡದ್ದು ಕೂಡ ನೆನಪಿದೆ, ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ, ಇವರು ನೋಡಿದ್ದರು, ನೋಡಿ ತಿಂದಿದ್ದರು, ಒಂದು ಕೂಸು ಸತ್ತಿತೆಂದು ಪಾಯಸ ಮಾಡಿದವಳ ಜೊತೆ ಇಷ್ಟು ವರ್ಷ ಬಾಳಿದ್ದರು, ನೀವು ಮಾಡಿದ್ದಕ್ಕೆ ಅವಳನ್ನ ಓಡಿಸ್ದೆನಲ್ಲ ನಾನು, ನಿಮ್ಮನ್ನ ಒಂದ್ ಮಾತೂ ಕೇಳ್ಲಿಲ್ಲ, ಅಂದಳು, ಅವರ ಕಣ್ಣಿನಿಂದ ನೀರು ಬರುತ್ತಿದೆಯೋ ಆಪರೇಷನ್ ಆದ ಕಣ್ಣು ಹಾಗೇ ಒಸರುತ್ತಿದೆಯೋ ತಿಳಿಯಲಿಲ್ಲ, ತಿಳಿಯಬೇಕು ಅನ್ನಿಸಲೂ ಇಲ್ಲ, ಗುರುವಾರ ಬಂದಿದ್ದು ಅವನೇ ಅಲ್ವಾ, ಅಂದರು, ದನಿ ಥೇಟ್ ನಮ್ಮಣ್ಣಂದು ಇದ್ದಂಗೇ ಇತ್ತು, ಆಮೇಲೆ ನಿದ್ದೆ ಬಂದಿಲ್ಲ ನಂಗೆ.

ಅವಳು ಮೇಜಿಗೆ ಬಂದು ಫೋನು ತೆಗೆದು ಪ್ರೂಫಿನ ಮೊದಲ ಪುಟದ ಮೇಲೆ ಬರೆದಿದ್ದ ನಂಬರು ಒತ್ತಿದಳು, ಹೇಳಿ ಮೇಡಂ ಅಂದ ಭೀಮರಾಜ್, ಆ ದನಿ ಈಗ ಕಿವಿಗೆ ಬೇರೆಯಾಗಿ ಬಡಿಯಿತು, ರೋಯಿ ಅನ್ನೋದು ಸರಿ ಇದೆ ಕಣಪ್ಪಾ, ನಾನೇ ಸುಮ್ನೆ ಸುತ್ತು ಹಾಕ್ಬಿಟ್ಟಿದ್ದೆ, ಅಂದಳು, ಇದನ್ನು ಹೇಳಲು ಫೋನ್ ಮಾಡಿದ್ದಲ್ಲ, ಬಾಯಿಗೆ ಬಂದದ್ದು ಇದು, ಅವನು, ಆ ಪುಟ ಓದಿದ್ರಾ ಮೇಡಂ ಅಂದ, ಓದ್ದೆ, ಅಂದಳು, ಅಮ್ಮ ಇಲ್ಲೇ ಅವ್ರೆ, ಕೊಡ್ಲಾ, ಕೊಡಪ್ಪಾ ಅಂದಳೋ ಇಲ್ಲವೋ, ಅತ್ತ ಬಳೆಯ ಸದ್ದು, ಉಸಿರು, ಅಮ್ಮಾ ಚೆನ್ನಾಗಿದೀರಾ, ಸ್ವಲ್ಪ ಒರಟಾದ, ವಯಸ್ಸಾದ ದನಿ, ವನಜಾ, ಅಂದಳು, ಹೆಸರು ಗೋಡೆಗೆ ತಾಗಿ ಹಾಲ್‌ವರೆಗೆ ಹೋಗಿರಬೇಕು, ಅಲ್ಲಿ ಕುರ್ಚಿ ಕಿರುಗುಟ್ಟಿತು, ನಾನು ಬಾಯಲ್ಲಿ ಹೇಳಿದ್ನ ಅವನು ಬರ್ಕೊಂಡವ್ನೆ ಅಮ್ಮಾ, ತಪ್ಪಿದ್ರೆ ಹೊಡ್ದಾಕ್ಬುಡಿ, ನಿಮ್ಗೆ ಬೇಜಾರಾಗೋದಿದ್ರೆ ಪೂರ್ತಿ ತೆಗ್ದುಬುಡಿ, ಅಂದಳು ವನಜಾಕ್ಷಿ, ಸಿದ್ದಗಂಗಮ್ಮ ಕೆಂಪು ಪೆನ್ನನ್ನು ಎತ್ತಿ ಮುಚ್ಚಳ ಹಾಕಿ ದೂರ ಇಟ್ಟಳು, ಒಂದಕ್ಷರಾನೂ ತಪ್ಪಿಲ್ಲ ಕಣೇ, ಹಂಗೇ ಅಚ್ಚಾಗ್ಲಿ, ಅಂದಳು, ಇನ್ನೂ ಹೇಳಬೇಕು, ಪಾಯಸದ್ದು ಹೇಳಬೇಕು, ನಾಳೆಯೇ ಕುಣಿಗಲ್ಲಿಗೆ ಬರುತ್ತೇನೆ ಅನ್ನಬೇಕು, ಅನ್ನುವ ಮೊದಲು ಆ ಮುಖವನ್ನೊಂದು ಸಲ ಕಣ್ಣೆದುರು ತಂದುಕೊಳ್ಳಬೇಕು, ಯಾವ ಮುಖಕ್ಕೆ ಮಾತಾಡುತ್ತಿದ್ದೇನೆ, ದುಂಡು ಮುಖವೋ, ಕೋಲು ಮುಖವೋ, ಮೂಗುಬೊಟ್ಟು ಎಡಕ್ಕಿತ್ತೋ ಬಲಕ್ಕಿತ್ತೋ, ಎರಡು ವರ್ಷ ಪಕ್ಕದಲ್ಲೇ ಕೂರಿಸಿಕೊಂಡು ಬೆರಳು ಹಿಡಿದು ತೀಡಿಸಿದ್ದೇನೆ, ಬೆರಳು ನೆನಪಿದೆ, ಹಿಟ್ಟು ಮೆತ್ತಿದ ಉಗುರು ನೆನಪಿದೆ, ಕತ್ತೆತ್ತು, ಬೆರಳಿನಿಂದ ಮೇಲಕ್ಕೆ, ತೋಳು, ಭುಜ, ಸೆರಗು, ಅದರ ಮೇಲೆ, ಅದರ ಮೇಲೆ, ಅಮ್ಮಾ ಇದೀರಾ, ಲೈನ್‌ನಲ್ಲಿ ಇದೀರಾ ಅಮ್ಮಾ, ಇದೀನಿ ಕಣೇ, ಸೆರಗಿನ ಮೇಲೆ ಮುಖ ಇರಬೇಕಾದಲ್ಲಿ ಚಿಲಕ, ಹಸಿರು ಬಣ್ಣ ಎದ್ದ ಚಿಲಕ, ಅದನ್ನು ಹಿಡಿದ ತನ್ನದೇ ಕೈ, ಚಿಲಕ